ಮೊಟ್ಟೆಯೊಳಗೆ ರಕ್ತನಾಳ ಕವಲೊಡೆಯುವುದನ್ನು ಕಣ್ಣಾರೆ ನೋಡುವುದು ಹೇಗೆ

ಗಾಯ ಮಾಯುವಾಗ, ಗರ್ಭದಲ್ಲಿ ಶಿಶು ಬೆಳೆಯುವಾಗ, ಸಕ್ಕರೆ ಕಾಯಿಲೆಯವರ ಅಕ್ಷಿಪಟಲ ಹದಗೆಡುವಾಗ, ಕ್ಯಾನ್ಸರ್ ಗಡ್ಡೆ ಹಿಗ್ಗುವಾಗ ದೇಹದಲ್ಲಿ ನಡೆಯುವ ಒಂದು ಕೆಲಸ ಸಮಾನವಾದದ್ದು: ಈಗಾಗಲೇ ಇರುವ ರಕ್ತನಾಳದ ಗೋಡೆಯಿಂದ ಹೊಸದೊಂದು ನಾಳ ಕವಲೊಡೆಯುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ರಾಸಾಯನಿಕ ಸಂಕೇತಗಳು. ಸ್ನಾತಕೋತ್ತರ ತರಗತಿಗಳಲ್ಲಿ ಈ ವಿಷಯವನ್ನು ಬಾಣದ ಗುರುತುಗಳಿಂದ ತುಂಬಿದ ಚಿತ್ರವಾಗಿ ಕಲಿತು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಬರುವವರೇ ಹೆಚ್ಚು. ಆದರೆ ಒಂದು ಸಂಕೇತಕ್ಕೆ ರಕ್ತನಾಳ ಕೊಡುವ ಉತ್ತರವನ್ನು ಕಣ್ಣಾರೆ ನೋಡಲು ದುಬಾರಿ ಉಪಕರಣಗಳೇನೂ ಬೇಕಿಲ್ಲ. ಕಾವಿಗಿಟ್ಟ ಕೋಳಿ ಮೊಟ್ಟೆ, ಒಂದು ಇನ್‌ಕ್ಯುಬೇಟರ್, ಒಂದು ಸ್ಟೀರಿಯೊ ಸೂಕ್ಷ್ಮದರ್ಶಕ ಮತ್ತು ಹನ್ನೆರಡು ದಿನಗಳ ತಾಳ್ಮೆ ಇದ್ದರೆ ಸಾಕು. ಪ್ರಯೋಗಾಲಯಗಳಲ್ಲಿ ಇದನ್ನು ಚಿಕ್ಕದಾಗಿ 'ಕ್ಯಾಮ್' ಪರೀಕ್ಷೆ ಎನ್ನುತ್ತಾರೆ. ಭ್ರೂಣವನ್ನು ಸುತ್ತುವರಿಯುವ ಕೋರಿಯೋಅಲಾಂಟೋಯಿಕ್ ಪೊರೆಯ ಮೇಲೆ ನಡೆಯುವುದರಿಂದ ಆ ಹೆಸರು. ಮೈಸೂರು ವಿಶ್ವವಿದ್ಯಾನಿಲಯದ ಅನ್ವಯಿಕ ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ವಿಭಾಗದಿಂದ ಪ್ರಕಟವಾದ ರಕ್ತನಾಳ ಸಂಶೋಧನೆಯಲ್ಲೂ ಈ ಪರೀಕ್ಷೆ ಬಳಕೆಯಾಗಿದೆ. ಮೊದಲ ಬಾರಿ ಮಾಡುವ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲು, ಸಂಕೇತ ಎಲ್ಲಿಂದ ಹೊರಡುತ್ತದೆ

ವಿಧಾನಕ್ಕೆ ಇಳಿಯುವ ಮುನ್ನ ಏನನ್ನು ನೋಡಲು ಹೊರಟಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಇಲ್ಲದಿದ್ದರೆ ಮೊಟ್ಟೆಯೊಳಗೆ ಕಾಣುವುದು ಕೆಂಪು ಗೆರೆಗಳ ಜಾಲವಷ್ಟೇ. ಆಮ್ಲಜನಕವು ಲೋಮನಾಳದಿಂದ ಅಂಗಾಂಶದೊಳಕ್ಕೆ ಸುಮಾರು 100ರಿಂದ 200 ಮೈಕ್ರೋಮೀಟರ್ ದೂರದವರೆಗೆ ಮಾತ್ರ ಹರಡಬಲ್ಲದು. ಅದಕ್ಕಿಂತ ದೂರದಲ್ಲಿರುವ ಜೀವಕೋಶಕ್ಕೆ ಉಸಿರು ಕಟ್ಟುತ್ತದೆ. ಪ್ರತಿಯೊಂದು ಜೀವಕೋಶವೂ ಎಚ್‌ಐಎಫ್ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿರುವಾಗ ಒಂದು ಕಿಣ್ವವು ಅದೇ ಆಮ್ಲಜನಕವನ್ನು ಬಳಸಿ ಆ ಪ್ರೋಟೀನಿಗೆ ಗುರುತು ಹಾಕುತ್ತದೆ; ಗುರುತು ಬಿದ್ದ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಆಮ್ಲಜನಕ ಇಳಿದಾಗ ಗುರುತು ಬೀಳುವುದಿಲ್ಲ, ಪ್ರೋಟೀನು ಉಳಿದುಕೊಂಡು ಕೋಶಕೇಂದ್ರವನ್ನು ಹೊಕ್ಕು ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಸಂದಿತು.

ಹಾಗೆ ಎಚ್ಚೆತ್ತ ಜೀನುಗಳಲ್ಲಿ ನಮಗೆ ಮುಖ್ಯವಾದದ್ದು ವಿಇಜಿಎಫ್ ಎಂಬ ಬೆಳವಣಿಗೆ ಕಾರಕದ ಜೀನು. ಉಸಿರು ಕಟ್ಟಿದ ಕೋಶ ಇದನ್ನು ಹೊರಗೆ ಸ್ರವಿಸುತ್ತದೆ, ಅದು ಸುತ್ತಲೂ ಹರಡುತ್ತದೆ. ಮೂಲದ ಹತ್ತಿರ ದಟ್ಟವಾಗಿ, ದೂರ ಹೋದಂತೆ ತೆಳುವಾಗಿ. ಅದರ ಕೆಲವು ರೂಪಗಳು ಕೋಶಗಳ ನಡುವಿನ ಸಕ್ಕರೆ ಎಳೆಗಳಿಗೆ ಅಂಟಿಕೊಳ್ಳುವುದರಿಂದ ಈ ಇಳಿಜಾರು ತೊಳೆದುಹೋಗದೆ ನಿಲ್ಲುತ್ತದೆ. ಹತ್ತಿರದ ರಕ್ತನಾಳದ ಒಳಪದರದ ಕೋಶಗಳ ಮೇಲೆ ಇದಕ್ಕೆಂದೇ ಗ್ರಾಹಕಗಳಿವೆ. ಸಂಕೇತ ಹೆಚ್ಚು ತಾಕಿದ ಕೋಶವೊಂದು ಮುಂದಾಳಾಗಿ, ಬೆರಳಿನಂಥ ಚಾಚುಗಳನ್ನು ಚಾಚಿ, ಸಂಕೇತ ದಟ್ಟವಾಗಿರುವ ಕಡೆಗೆ ತೆವಳತೊಡಗುತ್ತದೆ. ಅದೇ ಹೊತ್ತಿಗೆ ಪಕ್ಕದ ಕೋಶಗಳಿಗೆ ನಾಚ್ ಎಂಬ ಗ್ರಾಹಕದ ಮೂಲಕ 'ನೀವು ಮುಂದಾಳಾಗಬೇಡಿ' ಎಂದು ತಿಳಿಸುತ್ತದೆ. ಅವು ಹಿಂದೆ ಸಾಲುಗಟ್ಟಿ ವಿಭಜಿಸಿ ನಾಳದ ಕಾಂಡವಾಗುತ್ತವೆ. ಎಲ್ಲ ಕೋಶಗಳೂ ಒಮ್ಮೆಲೇ ಮುಂದೆ ನುಗ್ಗಿದ್ದರೆ ಕವಲು ಆಗುತ್ತಿರಲಿಲ್ಲ, ಇರುವ ನಾಳವೇ ಒಡೆದುಹೋಗುತ್ತಿತ್ತು. ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಅತಿ ಹೆಚ್ಚು ಬೆರಗಾಗಿಸುವುದು ಈ ತಡೆಯೇ.

ತಡೆಯುವ ಸಂಕೇತಗಳು ಬೇರೆಯೂ ಇವೆ. ಥ್ರಾಂಬೋಸ್ಪಾಂಡಿನ್, ಕೊಲಾಜೆನ್‌ನ ತುಣುಕಾದ ಎಂಡೋಸ್ಟಾಟಿನ್, ವಿಇಜಿಎಫ್ ಅನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುವ ಕರಗಿದ ರೂಪದ ಗ್ರಾಹಕ ಇವು ಅಂಥವು. ವಯಸ್ಕರ ದೇಹದಲ್ಲಿ ಬಹುಪಾಲು ನಾಳಗಳು ಸುಮ್ಮನಿರುವುದು ಇವುಗಳ ತೂಕ ಹೆಚ್ಚಿರುವುದರಿಂದ. ಗಡ್ಡೆಯು ತನ್ನ ಬೆಳವಣಿಗೆಗೆ ಹೊಸ ನಾಳಗಳನ್ನು ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆದರೆ ಅದೇ ಚಿಕಿತ್ಸೆಯಾಗಬಹುದು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ಅದನ್ನು ಒಪ್ಪಿದವರು ಕಡಿಮೆ. 1989ರಲ್ಲಿ ವಿಇಜಿಎಫ್ ಬೇರ್ಪಟ್ಟು ಅದರ ಜೀನು ತಿಳಿದುಬಂತು. ಅದನ್ನು ಹಿಡಿದಿಡುವ ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯಕ್ಕೆ 2004ರಲ್ಲಿ ಅಮೆರಿಕದಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗಾಗಿ ಅನುಮತಿ ದೊರೆಯಿತು. ಫೋಕ್‌ಮನ್ ಅವರ ತಂಡವು ಗಡ್ಡೆಯ ಸಾರವನ್ನು ಪರೀಕ್ಷಿಸಲು ಬಳಸಿದ ಸಾಧನಗಳಲ್ಲಿ ಇದೇ ಕೋಳಿ ಮೊಟ್ಟೆಯ ಪೊರೆಯೂ ಒಂದು. ಅದಕ್ಕೂ ಬಹಳ ಹಿಂದೆ, 1911ರಲ್ಲಿ, ರೌಸ್ ಮತ್ತು ಮರ್ಫಿ ಎಂಬವರು ಕೋಳಿಯ ಗಡ್ಡೆಯನ್ನು ಈ ಪೊರೆಯ ಮೇಲೆ ನೆಟ್ಟು ಬೆಳೆಸಿದ್ದರು.

ಮೊಟ್ಟೆ ಆರಿಸುವುದು, ಕಾವಿಗಿಡುವುದು

ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಈ ಕೆಲಸಕ್ಕೆ ಬಾರದು. ಅಲ್ಲಿ ಹುಂಜವೇ ಇಲ್ಲದೆ ಕೋಳಿ ಇಡುವ ಮೊಟ್ಟೆಗಳಲ್ಲಿ ಭ್ರೂಣವಿರುವುದಿಲ್ಲ. ಮರಿ ಮಾಡಿಸುವ ಹ್ಯಾಚರಿಯಿಂದಲೋ ಪಶುವೈದ್ಯಕೀಯ ಕಾಲೇಜಿನ ಕುಕ್ಕುಟ ವಿಭಾಗದಿಂದಲೋ ಫಲಿತ ಮೊಟ್ಟೆಗಳನ್ನು ತರಿಸಿಕೊಳ್ಳಿ. ಬಿಳಿ ಚಿಪ್ಪಿನ ಲೆಗ್‌ಹಾರ್ನ್ ಮೊಟ್ಟೆ ಸಿಕ್ಕರೆ ಒಳ್ಳೆಯದು, ಏಕೆಂದರೆ ಬೆಳಕಿಗೆ ಹಿಡಿದಾಗ ಒಳಗಿನದು ಚೆನ್ನಾಗಿ ಕಾಣುತ್ತದೆ. ಗಿರಿರಾಜ ಅಥವಾ ನಾಟಿ ಕೋಳಿಯ ಕಂದು ಚಿಪ್ಪಿನ ಮೊಟ್ಟೆಯಲ್ಲೂ ಪ್ರಯೋಗ ನಡೆಯುತ್ತದೆ, ಆದರೆ ಕತ್ತಲೆ ಕೋಣೆ ಮತ್ತು ಪ್ರಖರವಾದ ಟಾರ್ಚ್ ಬೇಕಾಗುತ್ತದೆ. ಒಂದೇ ಪ್ರಯೋಗದಲ್ಲಿ ಎರಡು ತಳಿಗಳನ್ನು ಬೆರೆಸಬೇಡಿ.

ಮೊಟ್ಟೆ ಇಟ್ಟು ಒಂದು ವಾರ ಮೀರಿರಬಾರದು. ತಂದ ಮೊಟ್ಟೆಗಳನ್ನು ಅಗಲದ ತುದಿ ಮೇಲಾಗಿಟ್ಟು, ತಂಪಾದ ಕೋಣೆಯಲ್ಲಿ ಇರಿಸಿ. ಫ್ರಿಜ್ಜಿನಲ್ಲಿಟ್ಟರೆ ಭ್ರೂಣ ಉಳಿಯುವ ಸಂಭವ ಕಡಿಮೆಯಾಗುತ್ತದೆ. ನೀರಿನಲ್ಲಿ ತೊಳೆಯಬೇಡಿ. ಚಿಪ್ಪಿನ ತುಂಬ ಉಸಿರಾಟದ ರಂಧ್ರಗಳಿವೆ, ನೀರಿನೊಡನೆ ಹೊರಗಿನ ಬ್ಯಾಕ್ಟೀರಿಯ ಅವುಗಳ ಮೂಲಕ ಒಳಸೇರುತ್ತದೆ. 70 ಪ್ರತಿಶತ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಗುರವಾಗಿ ಒರೆಸಿ ಒಣಗಲು ಬಿಟ್ಟರೆ ಸಾಕು.

ಇನ್‌ಕ್ಯುಬೇಟರ್‌ನ ಉಷ್ಣತೆ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್, ತೇವಾಂಶ ಸುಮಾರು 60 ಪ್ರತಿಶತ ಇರಲಿ. ಒಳಗೆ ನೀರಿನ ತಟ್ಟೆ ಇಟ್ಟು, ಅದು ಬತ್ತದಂತೆ ದಿನವೂ ನೋಡಿಕೊಳ್ಳಿ. ಒಂದು ಡಿಗ್ರಿ ಏರುಪೇರಾದರೂ ಭ್ರೂಣದ ವಯಸ್ಸು ನಿಮ್ಮ ಲೆಕ್ಕಕ್ಕಿಂತ ಬೇರೆಯಾಗುತ್ತದೆ, ಆಗ ಎಂಟನೆಯ ದಿನದ ಪೊರೆ ಎಂದು ಬರೆದುಕೊಂಡದ್ದು ನಿಜಕ್ಕೂ ಎಂಟನೆಯ ದಿನದ್ದಾಗಿರುವುದಿಲ್ಲ. ಮೊದಲ ಮೂರು ದಿನ ದಿನಕ್ಕೆ ಕೆಲವು ಬಾರಿ ಮೊಟ್ಟೆಗಳನ್ನು ಹೊರಳಿಸಿ. ಕಾವು ಕೂತ ಹೇಂಟೆ ಕೊಕ್ಕಿನಿಂದ ಮಾಡುವ ಕೆಲಸವಿದು, ಇಲ್ಲವಾದರೆ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಕಾವಿಗಿಟ್ಟ ದಿನಾಂಕ ಮತ್ತು ಗಂಟೆಯನ್ನು ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಮೂರನೆಯ ದಿನದ ಕಿಟಕಿ

72 ಗಂಟೆ ತುಂಬಿದಾಗ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂತೆ ಹರಡಿದ ಕೆಂಪು ಎಳೆಗಳು ಕಾಣದ ಮೊಟ್ಟೆಗಳನ್ನು ಪಕ್ಕಕ್ಕಿಡಿ. ಉಳಿದವುಗಳನ್ನು ಅಡ್ಡಲಾಗಿ ಮಲಗಿಸಿ ಹತ್ತು ಹದಿನೈದು ನಿಮಿಷ ಅಲುಗಿಸದೆ ಬಿಟ್ಟರೆ ಭ್ರೂಣ ಮೇಲಕ್ಕೆ ತೇಲಿ ಬರುತ್ತದೆ.

ಈ ದಿನದ ಕೆಲಸ ಎರಡು. ಮೊದಲನೆಯದಾಗಿ, ಮೊಟ್ಟೆಯ ಒಂದು ತುದಿಯಲ್ಲಿ ಸೂಜಿಯಿಂದ ರಂಧ್ರ ಮಾಡಿ, ಸಿರಿಂಜಿನ ಸೂಜಿಯನ್ನು ಕೆಳಮುಖವಾಗಿ ತೂರಿಸಿ 2ರಿಂದ 3 ಮಿಲಿಲೀಟರ್ ಬಿಳಿ ಲೋಳೆಯನ್ನು ಹೊರತೆಗೆಯಬೇಕು. ಇದರಿಂದ ಒಳಗಿನ ಮಟ್ಟ ಇಳಿದು, ಮುಂದೆ ಬೆಳೆಯುವ ಪೊರೆ ಚಿಪ್ಪಿಗೆ ಅಂಟದೆ ತೆರವಾಗಿ ನಿಲ್ಲುತ್ತದೆ. ಸಿರಿಂಜಿನಲ್ಲಿ ಹಳದಿ ಕಂಡರೆ ಭಂಡಾರ ಒಡೆದಿದೆ ಎಂದರ್ಥ. ಆ ಮೊಟ್ಟೆಯನ್ನು ಬಿಟ್ಟುಬಿಡಿ, ಅದರಿಂದ ಬರುವ ಫಲಿತಾಂಶವನ್ನು ನಂಬಲಾಗದು. ರಂಧ್ರವನ್ನು ಅಂಟುಪಟ್ಟಿಯಿಂದ ಮುಚ್ಚಿ.

ಎರಡನೆಯದು ಕಿಟಕಿ. ಮೇಲ್ಭಾಗದ ಚಿಪ್ಪಿನ ಮೇಲೆ ಮೊದಲು ಪಾರದರ್ಶಕ ಅಂಟುಪಟ್ಟಿ ಹಾಕಿ, ಅದರ ಮೂಲಕವೇ ಬಾಗಿದ ತುದಿಯ ಸಣ್ಣ ಕತ್ತರಿಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ ಚೌಕವನ್ನು ಕತ್ತರಿಸಿ ತೆಗೆಯಿರಿ. ಅಂಟುಪಟ್ಟಿಯ ಕೆಲಸ ಚಿಪ್ಪಿನ ಪುಡಿಯನ್ನು ಹಿಡಿದಿಟ್ಟುಕೊಳ್ಳುವುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮಾಡಿದ ಮೊದಲ ಸರಣಿಯಲ್ಲಿ, ಎಂಟನೆಯ ದಿನ ಪೊರೆಯ ಮೇಲಿಟ್ಟ, ಬರೀ ಉಪ್ಪುದ್ರಾವಣ ಹೀರಿಸಿದ ಸ್ಪಂಜಿನ ಸುತ್ತಲೂ ನಾಳಗಳು ಮುತ್ತಿಕೊಂಡಿದ್ದವು. ಎರಡು ವಾರ ದ್ರಾವಣವನ್ನೇ ಅನುಮಾನಿಸಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ಪೊರೆಯ ಮೇಲೆ ಉದುರಿದ್ದ ಚಿಪ್ಪಿನ ಕಣಗಳು ಕಂಡವು. ಪುಡಿ ಪೊರೆಯನ್ನು ಕೆರಳಿಸುತ್ತದೆ, ಕೆರಳಿದ ಜಾಗಕ್ಕೆ ಬಿಳಿ ರಕ್ತಕಣಗಳು ಬರುತ್ತವೆ, ಅವು ತಾವೇ ವಿಇಜಿಎಫ್ ಸ್ರವಿಸುತ್ತವೆ. ಉರಿಯೂತವೂ ಒಂದು ಸಂಕೇತವೇ. ಆದರೆ ಅದು ನೀವು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಕಿಟಕಿ ತೆರೆದಾಗ ಹಳದಿಯ ಮೇಲೆ ಮಿಡಿಯುವ ಕೆಂಪು ಬಿಂದುವೊಂದು ಕಾಣುತ್ತದೆ. ಮೂರನೆಯ ದಿನದ ಈ ಹೃದಯವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಅರಿಸ್ಟಾಟಲ್ ಇದೇ ರೀತಿ ಮೊಟ್ಟೆ ಒಡೆದು ನೋಡಿ ದಾಖಲಿಸಿದ್ದ. ಮಿಡಿತ ಖಚಿತವಾದ ಮೇಲೆ ಹೊಸ ಅಂಟುಪಟ್ಟಿಯಿಂದ ಕಿಟಕಿಯನ್ನು ಸಂದಿಲ್ಲದಂತೆ ಮುಚ್ಚಿ, ಮೊಟ್ಟೆಯನ್ನು ಅಡ್ಡಲಾಗಿಯೇ ಇನ್‌ಕ್ಯುಬೇಟರ್‌ಗೆ ಮರಳಿಸಿ. ಇಲ್ಲಿಂದ ಮುಂದೆ ಹೊರಳಿಸಬಾರದು. ಕೆಲಸ ನಡೆಯುವ ಮೇಜು, ಕತ್ತರಿ, ಕೈಗವಸು ಎಲ್ಲವೂ ಶುದ್ಧವಿರಬೇಕು. ಸಾಧ್ಯವಿದ್ದರೆ ಲ್ಯಾಮಿನಾರ್ ಹುಡ್‌ನಲ್ಲೇ ಮಾಡಿ.

ಎಂಟನೆಯ ದಿನ: ಪ್ರಶ್ನೆಯನ್ನು ಇಡುವುದು

ಈ ಐದು ದಿನಗಳಲ್ಲಿ ಎರಡು ಪದರಗಳು ಒಂದರೊಡನೊಂದು ಬೆಸೆದು ಪೊರೆ ರೂಪುಗೊಳ್ಳುತ್ತದೆ. ಭ್ರೂಣಕ್ಕೆ ಇದೇ ಶ್ವಾಸಕೋಶ. ಚಿಪ್ಪಿನ ರಂಧ್ರಗಳಿಂದ ಬರುವ ಆಮ್ಲಜನಕ ಇದರ ಲೋಮನಾಳಗಳಿಗೇ ಸೇರುವುದು. ಕಡಿಮೆ ಆಮ್ಲಜನಕದ ಗಾಳಿಯಲ್ಲಿ ಕಾವು ಕೊಟ್ಟ ಮೊಟ್ಟೆಗಳ ಪೊರೆಯಲ್ಲಿ ನಾಳಗಳು ಹೆಚ್ಚು ದಟ್ಟವಾಗುತ್ತವೆ, ಹೆಚ್ಚು ಆಮ್ಲಜನಕ ಕೊಟ್ಟರೆ ವಿರಳವಾಗುತ್ತವೆ. ಆದ್ದರಿಂದಲೇ ನಿಮ್ಮ ಇನ್‌ಕ್ಯುಬೇಟರ್‌ನಲ್ಲಿ ಗಾಳಿಯಾಡದಂತೆ ಮೊಟ್ಟೆಗಳನ್ನು ಒತ್ತೊತ್ತಾಗಿ ತುಂಬಬಾರದು.

ಎಂಟನೆಯ ದಿನವನ್ನೇ ಆರಿಸುವುದಕ್ಕೆ ಕಾರಣ ಪೊರೆಯ ಸ್ವಂತ ಬೆಳವಣಿಗೆ. ಅದರ ನಾಳಗಳ ಕೋಶಗಳು ಸುಮಾರು ಹತ್ತನೆಯ ದಿನದವರೆಗೆ ಬಿರುಸಿನಿಂದ ವಿಭಜಿಸುತ್ತವೆ, ಆಮೇಲೆ ವೇಗ ಇಳಿಯುತ್ತದೆ. ಆರನೆಯ ದಿನ ಸಂಕೇತ ಇಟ್ಟು ಎಂಟನೆಯ ದಿನ ನೋಡಿದರೆ ಎಲ್ಲ ಮೊಟ್ಟೆಗಳಲ್ಲೂ ನಾಳಗಳು ಹೆಚ್ಚಿರುತ್ತವೆ, ಸಂಕೇತದ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ಎಂಟರಂದು ಇಟ್ಟು ಹನ್ನೆರಡರಂದು ನೋಡಿದರೆ ಸಹಜ ಬೆಳವಣಿಗೆ ತಗ್ಗಿದ ಹಿನ್ನೆಲೆಯಲ್ಲಿ ಉತ್ತರ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಭ್ರೂಣದ ರೋಗನಿರೋಧಕ ವ್ಯವಸ್ಥೆ ಇನ್ನೂ ಪಕ್ವವಾಗಿರದ ಕಾರಣ ಪರಕೀಯ ವಸ್ತುವನ್ನು ಅದು ತಿರಸ್ಕರಿಸುವುದೂ ಇಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸಲು ಬಳಸುವ, ಕರಗುವ ಜೆಲಾಟಿನ್ ಸ್ಪಂಜನ್ನು ಔಷಧಿ ಅಂಗಡಿಯಲ್ಲಿ ಕೊಂಡು, ಹೊಸ ಬ್ಲೇಡಿನಿಂದ ಒಂದೊಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿ. ಕಿಟಕಿ ತೆರೆದು, ದೊಡ್ಡ ನಾಳಗಳ ಮೇಲಲ್ಲದೆ ಅವುಗಳ ನಡುವಿನ ಬಯಲಿನಲ್ಲಿ ಒಂದು ಘನವನ್ನು ಚಿಮಟದಿಂದ ಮೆಲ್ಲನೆ ಇಡಿ. ಅದರ ಮೇಲೆ ಮೈಕ್ರೋಪಿಪೆಟ್ಟಿನಿಂದ ದ್ರಾವಣವನ್ನು ಒಂದೆರಡು ಮೈಕ್ರೋಲೀಟರಿನಷ್ಟು ಬಿಡಿ. ಸ್ಪಂಜು ಅದನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಅದರ ಸುತ್ತ ದಟ್ಟದಿಂದ ತೆಳುವಿಗೆ ಸಾಗುವ ಇಳಿಜಾರು ಉಂಟಾಗುತ್ತದೆ. ಇಡೀ ಪೊರೆಯ ಮೇಲೆ ದ್ರಾವಣ ಸುರಿದರೆ ಈ ಇಳಿಜಾರು ಇರುವುದಿಲ್ಲ. ನಾಳಗಳು ಉಬ್ಬಬಹುದು, ಸೋರಬಹುದು, ಆದರೆ ಎತ್ತ ಹೋಗಬೇಕೆಂದು ತಿಳಿಯುವುದಿಲ್ಲ.

ಗುಂಪುಗಳನ್ನು ಹೇಗೆ ಮಾಡಬೇಕು ಎಂಬಲ್ಲಿ ಅವಸರ ಬೇಡ. ಒಂದು ಗುಂಪಿಗೆ ಸಂಕೇತವಿಲ್ಲದ ದ್ರಾವಣ ಮಾತ್ರ; ಅದರ ಆಮ್ಲೀಯತೆ, ಲವಣಾಂಶ, ಬೆರೆಸಿದ ಪ್ರೋಟೀನು ಎಲ್ಲವೂ ಉಳಿದ ಗುಂಪುಗಳ ದ್ರಾವಣದಂತೆಯೇ ಇರಬೇಕು, ಏಕೆಂದರೆ ಲವಣ ಹೆಚ್ಚಾದರೂ ಪೊರೆ ಕೆರಳುತ್ತದೆ. ಎರಡನೆಯ ಗುಂಪಿಗೆ ವಿಇಜಿಎಫ್, ಮೂರನೆಯದಕ್ಕೆ ನಾಳಗಳನ್ನು ಬೆಳೆಸುವ ಇನ್ನೊಂದು ಬೆಳವಣಿಗೆ ಕಾರಕವಾದ ಎಫ್‌ಜಿಎಫ್-2. ಮೊಟ್ಟೆಯೊಂದಕ್ಕೆ ಕೆಲವು ನೂರು ನ್ಯಾನೊಗ್ರಾಂ ಸಾಮಾನ್ಯವಾಗಿ ಬಳಸುವ ಪ್ರಮಾಣ. ನೀವು ಪರೀಕ್ಷಿಸಬೇಕೆಂದಿರುವ ತಡೆಕಾರಕವನ್ನು, ಅದು ಸಸ್ಯದ ಸಾರವಾಗಿದ್ದರೂ ಸರಿ, ಒಂಟಿಯಾಗಿ ಒಂದು ಗುಂಪಿಗೂ ವಿಇಜಿಎಫ್ ಜೊತೆಯಲ್ಲಿ ಇನ್ನೊಂದು ಗುಂಪಿಗೂ ಕೊಡಿ. ಒಂಟಿಯಾಗಿ ಕೊಟ್ಟಾಗ ಭ್ರೂಣವೇ ಸಾಯುತ್ತಿದ್ದರೆ ಅದು ನಾಳ ತಡೆಯುವ ವಸ್ತುವಲ್ಲ, ವಿಷ. ಸಸ್ಯಸಾರಗಳ ವಿಷಯದಲ್ಲಿ ಈ ವ್ಯತ್ಯಾಸವನ್ನು ಗಮನಿಸದೆ ಬರೆದ ವರದಿಗಳನ್ನು ಓದುವಾಗ ನಿಜಕ್ಕೂ ಬೇಸರವಾಗುತ್ತದೆ.

ಪ್ರಮಾಣವೂ ಒಂದೇ ಇರಬಾರದು, ಎರಡು ಮೂರು ಹಂತಗಳಿರಲಿ. ದೇಹ ಈ ಸಂಕೇತದ ಅಳತೆಯನ್ನು ಎಷ್ಟು ಬಿಗಿಯಾಗಿ ಕಾಯುತ್ತದೆ ಎಂಬುದು 1996ರಲ್ಲಿ ಇಲಿಗಳಲ್ಲಿ ತಿಳಿದುಬಂತು: ವಿಇಜಿಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ಕಳೆದುಕೊಂಡ ಭ್ರೂಣಗಳು ಕೂಡ ಗರ್ಭದಲ್ಲೇ ಸತ್ತವು. ಹೆಚ್ಚಾದರೂ ಕೇಡೇ. ವಿಇಜಿಎಫ್ ನಾಳದ ಗೋಡೆಯನ್ನು ಸಡಿಲಿಸಿ ಸೋರುವಂತೆ ಮಾಡುತ್ತದೆ. 1983ರಲ್ಲಿ ಅದು ಮೊದಲು ಕಂಡುಬಂದದ್ದೇ ನಾಳ ಸೋರಿಸುವ ಅಂಶವಾಗಿ. ಸ್ಪಂಜಿನ ಸುತ್ತ ಪೊರೆ ಊದಿಕೊಂಡಿದ್ದರೆ ಅಥವಾ ರಕ್ತದ ಚುಕ್ಕೆಗಳಿದ್ದರೆ ಪ್ರಮಾಣ ಮೀರಿದೆ ಎಂದು ತಿಳಿಯಿರಿ.

ಪ್ರೋಟೀನು ಪುಡಿಯಾಗಿ ಬರುತ್ತದೆ. ಕರಗಿಸಿದ ಮೇಲೆ ಸಣ್ಣ ಸಣ್ಣ ಪಾಲುಗಳಾಗಿ ಹಂಚಿ ಶೀತಲೀಕರಿಸಿಡಿ. ಒಂದೇ ನಳಿಕೆಯನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಅದರ ಶಕ್ತಿ ಕುಂದುತ್ತದೆ. ತಡೆಯಲು ಪ್ರತಿಕಾಯ ಬಳಸುವುದಾದರೆ ಅದು ಯಾವ ಪ್ರಾಣಿಯ ಅಣುವಿಗೆ ಅಂಟುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಬೆವಾಸಿಜುಮ್ಯಾಬ್ ಮನುಷ್ಯರ ವಿಇಜಿಎಫ್‌ಗೆ ಬಿಗಿಯಾಗಿ ಅಂಟುತ್ತದೆ, ಇಲಿಯ ವಿಇಜಿಎಫ್‌ಗೆ ಹಾಗೆ ಅಂಟುವುದಿಲ್ಲ. ಪ್ರತಿ ಗುಂಪಿಗೆ ಕನಿಷ್ಠ ಹತ್ತು ಹನ್ನೆರಡು ಮೊಟ್ಟೆಗಳಿರಲಿ. ಕಿಟಕಿ ತೆರೆದ ಮೊಟ್ಟೆಗಳಲ್ಲಿ ಕೆಲವು ಸಾಯುವುದು ಅನುಭವಿಗಳ ಕೈಯಲ್ಲೂ ತಪ್ಪಿದ್ದಲ್ಲ.

ಉತ್ತರವನ್ನು ಓದುವುದು

ಒಂಬತ್ತನೆಯ ದಿನದಿಂದ ಹನ್ನೆರಡರವರೆಗೆ ದಿನವೂ ಒಂದೇ ಹೊತ್ತಿಗೆ, ಒಂದೇ ಹಿಗ್ಗಿಸುವಿಕೆ ಮತ್ತು ಒಂದೇ ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಮೊಟ್ಟೆ ಹೊರಗಿರುವ ಸಮಯ ಕೆಲವು ನಿಮಿಷಗಳನ್ನು ಮೀರದಿರಲಿ. ಸಂಕೇತ ಕೆಲಸ ಮಾಡಿದ್ದರೆ ಸುತ್ತಲಿನ ನಾಳಗಳು ತಮ್ಮ ಸಹಜ ದಿಕ್ಕನ್ನು ಬಿಟ್ಟು, ಗಾಡಿ ಚಕ್ರದ ಅರಗಳು ಗುಂಬದ ಕಡೆಗೆ ಸೇರುವಂತೆ ಸ್ಪಂಜಿನ ಕಡೆಗೆ ತಿರುಗಿರುತ್ತವೆ. ಸ್ಪಂಜಿನ ಅಂಚನ್ನು ಮುಟ್ಟುವ ಇಂಥ ನಾಳಗಳನ್ನು ಎಣಿಸಬೇಕು. ಎಣಿಸುವವರಿಗೆ ಯಾವ ಮೊಟ್ಟೆ ಯಾವ ಗುಂಪಿನದೆಂದು ತಿಳಿದಿರಬಾರದು. ಚಿತ್ರಗಳಿಗೆ ಸಂಖ್ಯೆ ಮಾತ್ರ ಕೊಟ್ಟು ಇಬ್ಬರು ಬೇರೆ ಬೇರೆಯಾಗಿ ಎಣಿಸಿ. ಕವಲುಗಳ ಒಟ್ಟು ಉದ್ದವನ್ನು ಅಳೆಯಲು ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶ ಸಾಕಾಗುತ್ತದೆ.

ಇಲ್ಲಿಯೇ ಎಡವುವುದು ಸುಲಭ. ಸ್ಪಂಜು ಒಣಗಿ ಪೊರೆಯನ್ನು ಎಳೆದುಕೊಂಡರೆ ಹಳೆಯ ನಾಳಗಳೇ ಅದರ ಕಡೆಗೆ ಜಗ್ಗಿ, ಅರಗಳ ಆಕಾರವನ್ನು ತೋರಿಸುತ್ತವೆ. ಸುಮ್ಮನಿದ್ದ ಲೋಮನಾಳಕ್ಕೆ ರಕ್ತ ಹೆಚ್ಚು ಹರಿದು ಅದು ಉಬ್ಬಿದಾಗ ಮೊದಲು ಕಾಣದಿದ್ದದ್ದು ಕಾಣತೊಡಗುತ್ತದೆ. ಈ ಎರಡರಲ್ಲೂ ಹೊಸದಾಗಿ ಏನೂ ಹುಟ್ಟಿಲ್ಲ. ಎಂಟನೆಯ ದಿನ, ಸ್ಪಂಜು ಇಟ್ಟ ಕೂಡಲೇ ತೆಗೆದ ಚಿತ್ರದೊಡನೆ ಕೊನೆಯ ಚಿತ್ರವನ್ನು ಹೋಲಿಸಿ ಯಾವ ನಾಳ ಮೊದಲೇ ಇತ್ತು ಎಂದು ಗುರುತಿಸಿ. ಆ ಮೊದಲ ಚಿತ್ರವಿಲ್ಲದ ಮೊಟ್ಟೆಯನ್ನು ಎಣಿಕೆಗೆ ಸೇರಿಸಬೇಡಿ.

ಹನ್ನೆರಡನೆಯ ದಿನ ಪ್ರಯೋಗ ನಿಲ್ಲಬೇಕು. ನೋವನ್ನು ಗ್ರಹಿಸುವ ನರವ್ಯೂಹ ಆಗಿನ್ನೂ ಪೂರ್ಣ ರೂಪುಗೊಂಡಿರುವುದಿಲ್ಲ. ಅದನ್ನು ದಾಟಿ ಮುಂದುವರಿಸುವುದಕ್ಕೆ ವೈಜ್ಞಾನಿಕ ಕಾರಣವೂ ಇಲ್ಲ, ನೈತಿಕ ಸಮರ್ಥನೆಯೂ ಇಲ್ಲ. ನಿಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಪ್ರಯೋಗದ ವಿವರವನ್ನು ಮೊದಲೇ ಕೊಟ್ಟು ಲಿಖಿತ ಒಪ್ಪಿಗೆ ಪಡೆದಿರಿ. ಕೊನೆಯ ಚಿತ್ರದ ನಂತರ ಮೊಟ್ಟೆಗಳನ್ನು ಶೀತಲಪೆಟ್ಟಿಗೆಯಲ್ಲಿಟ್ಟು ಭ್ರೂಣವನ್ನು ನಿಶ್ಚೇಷ್ಟಗೊಳಿಸಿ, ಸ್ಪಂಜಿನ ಸುತ್ತಲಿನ ಪೊರೆಯನ್ನು ಕತ್ತರಿಸಿ ಫಾರ್ಮಲಿನ್‌ನಲ್ಲಿ ಹಾಕಿ. ಉಳಿದದ್ದನ್ನು ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ ಸೇರಿಸಿ.

ಫಾರ್ಮಲಿನ್‌ನಲ್ಲಿ ಇಟ್ಟದ್ದನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ನೋಡುವ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಮೇಲಿನಿಂದ ತೆಗೆದ ಚಿತ್ರದ ಬಗ್ಗೆ ವಾದ ಮಾಡಬಹುದು, ಕೊಯ್ತದ ಬಗ್ಗೆ ಹಾಗಲ್ಲ. ನೀವು ಇಟ್ಟ ದಿನ ಸ್ಪಂಜಿನಲ್ಲಿ ಒಂದೇ ಒಂದು ರಕ್ತನಾಳವಿರಲಿಲ್ಲ. ಆದ್ದರಿಂದ ಅದರ ಜಾಲದ ಎಳೆಗಳ ನಡುವೆ ಈಗ ಕಾಣುವ ಪ್ರತಿಯೊಂದು ನಾಳವೂ ಈ ನಾಲ್ಕು ದಿನಗಳಲ್ಲಿ ಪೊರೆಯಿಂದ ಒಳಹೊಕ್ಕದ್ದು. ಹುಡುಕುವುದೂ ಕಷ್ಟವಲ್ಲ: ಹಕ್ಕಿಗಳ ಕೆಂಪು ರಕ್ತಕಣಗಳಿಗೆ ನಮ್ಮವಕ್ಕಿಲ್ಲದ ಕೋಶಕೇಂದ್ರವಿದೆ. ತೆಳ್ಳನೆಯ ಗೋಡೆಯೊಂದರ ಒಳಗೆ, ನಡುವೆ ನೀಲಿ ಚುಕ್ಕೆಯಿರುವ ಅಂಡಾಕಾರದ ಕಣಗಳು ಸಾಲಾಗಿ ಕಂಡರೆ ಆ ನಾಳದಲ್ಲಿ ರಕ್ತ ಹರಿದಿದೆ. ಅಂಥವನ್ನು ಮಾತ್ರ ಎಣಿಸಿ, ಸಂಕೇತವಿಲ್ಲದ ಸ್ಪಂಜಿನ ಎಣಿಕೆಯ ಪಕ್ಕದಲ್ಲಿಟ್ಟು ಬರೆಯಿರಿ.